ಪಾವಿಗೆ ಎಂಬತ್ತು ಗ್ರಾಂ

ಶ್ರೀನಿವಾಸಪುರದ ಶಾಲೆಯಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಸಾಂದ್ರತೆ ಎಂದರೇನು ಎಂದು ಮಕ್ಕಳಿಂದ ಉರು ಹೊಡೆಸಿದವಳು. ಆ ವಿದ್ಯೆ ಬೇಕಾದ ಒಂದೇ ಒಂದು ದಿನ ನನ್ನ ತಲೆಯಲ್ಲಿ ಮಣ್ಣು ತುಂಬಿತ್ತು.

ಅಮ್ಮನಿಗೆ ಗಂಟಲ ಕ್ಯಾನ್ಸರ್. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು. ರಾಗಿ ಗಂಜಿ ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ದೀಪಾವಳಿ ಹತ್ತಿರ ಬಂದಾಗ ಅವಳು ಕೇಳಿದ್ದು ಒಂದೇ, ನೋಮಿನ ಕಜ್ಜಾಯ. ನಮ್ಮ ಕಡೆ ಕೇದಾರೇಶ್ವರನ ನೋಮು, ಅಂದರೆ ವ್ರತ, ಮಾಡುವ ಮನೆಗಳಲ್ಲಿ ಅವತ್ತು ಇಪ್ಪತ್ತೊಂದು ಕಜ್ಜಾಯ ಎಡೆಗಿಟ್ಟು, ಕೈಗೆ ದಾರ ಕಟ್ಟಿಕೊಂಡ ಮೇಲೇ ಊಟ. ಅಮ್ಮ ಮಾಡುತ್ತಿದ್ದ ಕಜ್ಜಾಯಕ್ಕೆ ಹಲ್ಲೇ ಬೇಡ, ಬೆಣ್ಣೆಯ ಹಾಗೆ. ಅಷ್ಟು ಮೆತ್ತಗಿದ್ದರೆ ಒಂದು ತುಂಡಾದರೂ ನುಂಗಿಯೇನು ಎಂದು ಅವಳಿಗೆ ಆಸೆ.

ಅಳತೆಯನ್ನು ಮಲಗಿದ್ದಲ್ಲಿಂದ ಅವಳೇ ಹೇಳಿದಳು. ನಾಲ್ಕು ಪಾವು ಅಕ್ಕಿ ಹಿಟ್ಟಿಗೆ ಎರಡು ಪಾವು ಬೆಲ್ಲದ ಪಾಕ. ಕುದಿಯುವ ಪಾಕವನ್ನು ಪಾವಿಗೆ ಸುರಿದು ಕೈ ಸುಟ್ಟುಕೊಳ್ಳುವುದು ಯಾರಿಗೆ ಬೇಕು, ಹೊಸ ತಕ್ಕಡಿ ಇದೆಯಲ್ಲ ಎಂದುಕೊಂಡೆ. ನನ್ನ ಜಾಣತನ ನೋಡಿ: ಪಾವಿಗೆ ನೀರು ತುಂಬಿ ತೂಗಿದೆ. ಪಾವಿನ ತೂಕ ಕಳೆದರೆ ಇನ್ನೂರೈವತ್ತು ಗ್ರಾಂ ಬಂತು. ಹಿಟ್ಟನ್ನು ಪಾವಿನಲ್ಲೇ ಅಳೆದು, ಪಾಕವನ್ನು ಮಾತ್ರ ಸರಿಯಾಗಿ ಅರ್ಧ ಕೆಜಿ ತೂಗಿ ಸುರಿದೆ. ಪಾತ್ರೆಯಲ್ಲಿ ಪಾಕ ಉಳಿಯಿತು. ಬೆಲ್ಲ ಹೆಚ್ಚಾಗಿ ಹಾಕಿದ್ದೆನೇನೋ ಎಂದುಕೊಂಡು ಎತ್ತಿಟ್ಟೆ.

ಎಡೆ ಮುಗಿದ ಮೇಲೆ ಒಂದು ಕಜ್ಜಾಯ ಮುರಿದು ಅಮ್ಮನ ಬಾಯಿಗಿಟ್ಟೆ. ತುಂಬಾ ಹೊತ್ತು ಅತ್ತಿಂದಿತ್ತ ಹೊರಳಿಸಿದಳು. ಕಣ್ಣಲ್ಲಿ ನೀರು ಬಂತೇ ಹೊರತು ಅದು ಇಳಿಯಲಿಲ್ಲ. ಕೊನೆಗೆ ಸೆರಗಿಗೆ ಉಗುಳಿದಳು.

“ಪಾಕಾನ ಪಾವಲ್ಲಿ ಅಳೀಲಿಲ್ವೇನೇ?”

“ತಕ್ಕಡೀಲಿ ತೂಗಿದೀನಮ್ಮ. ನಿನ್ ಅಂದಾಜಿಗಿಂತ ಗ್ರಾಂ ಲೆಕ್ಕ ಸರಿಯಾಗೇ ಇರುತ್ತೆ” ಎಂದು ರೇಗಿದೆ. ಅಕ್ಕಿ ನೆನೆಸಿ, ಆರಿಸಿ, ಕುಟ್ಟಿ ಸುಸ್ತಾಗಿದ್ದೆ, ನಿಜ. ಹಾಗಂತ ಸಾಯುವವಳ ಮೇಲೆ ರೇಗುತ್ತಾರೆಯೇ?

“ಹೋಗ್ಲಿ ಬಿಡು ಕಣೇ, ನನ್ ಗಂಟ್ಲೇ ಸರಿಯಿಲ್ಲ” ಎಂದು ಗೋಡೆ ಕಡೆ ತಿರುಗಿ ಮಲಗಿದಳು. ನಾನೂ ಹೌದೆಂದುಕೊಂಡೆ. ನನಗೆ ಅದೇ ಸುಲಭವಾಗಿತ್ತು. ಹತ್ತೇ ದಿನಕ್ಕೆ ಹೋಗಿಬಿಟ್ಟಳು. ಆ ಹತ್ತು ದಿನದಲ್ಲಿ ಅವಳು ಏನನ್ನೂ ಕೇಳಿರಲಿಲ್ಲ.

ಮರುವರ್ಷ ಸಾವಿನ ಮನೆಯೆಂದು ನೋಮು ಇರಲಿಲ್ಲ. ಹಬ್ಬದ ದಿನ ಸುಮ್ಮನೆ ಕೂರಲಾಗದೆ ಒಲೆ ಹಚ್ಚಿ ಪಾಕ ಇಟ್ಟೆ. ಹದ ಬಂದ ಮೇಲೆ ಪಾವಿನ ಕಂಠದವರೆಗೆ ಸುರಿದೆ. ಬೆರಳು ಸುಟ್ಟಿತು, ಸುಡಲಿ. ತಕ್ಕಡಿಯ ಮೇಲಿಟ್ಟು ಪಾವಿನ ತೂಕ ಕಳೆದರೆ ಮುನ್ನೂರ ಮೂವತ್ತು. ಪಾಕ ನೀರಿಗಿಂತ ಭಾರ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಪಾವಿಗೆ ಎಂಬತ್ತು ಗ್ರಾಂ ಕಡಿಮೆ ಹಾಕಿ, ಆ ಕಜ್ಜಾಯವನ್ನು ಕಲ್ಲು ಮಾಡಿದ್ದೆ.

ಪಾವನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲೇ ಕುಕ್ಕರಿಸಿ ಅತ್ತೆ. ಅವತ್ತು ಅವಳ ಗಂಟಲದು ಏನೂ ತಪ್ಪಿರಲಿಲ್ಲ. ಅದನ್ನು ಅವಳಿಗೆ ಹೇಳಬೇಕಿತ್ತು.