ಮುಟ್ಟದೆ ಬಿಟ್ಟ ಕಾಫಿ

ಆರಿದ ಕಾಫಿ ಕೆನೆಗಟ್ಟುವುದನ್ನು ಕಂಡರೆ ನಿಮಗೇನು ನೆನಪಾಗುತ್ತದೋ ತಿಳಿಯದು. ಇಂದು ಬೆಳಿಗ್ಗೆ ತಮಿಳು ಸೀಮೆಯ ತುಡಿಯಲೂರಿನ ನನ್ನ ವಕೀಲಿ ಕಚೇರಿಯಲ್ಲಿ, ನನ್ನ ಮೇಜಿನ ಮೇಲೆ ಅದನ್ನು ಕಂಡಾಗ ನನಗೆ ನೆನಪಾದದ್ದು ಕಂಪನಿ ಕಾನೂನು, ಮತ್ತು ನನ್ನ ದೊಡ್ಡಪ್ಪ.

ದೊಡ್ಡಪ್ಪ ಸರ್ಕಾರಿ ನೂಲಿನ ಗಿರಣಿಯೊಂದರ ಕಾರ್ಮಿಕರು. ಅದರ ಆಡಳಿತ ಮಂಡಳಿಯಲ್ಲಿ ಕಾರ್ಮಿಕರ ಪರವಾಗಿ ಕೂರುವ ನಿರ್ದೇಶಕರೂ ಆಗಿದ್ದರು. ಗಿರಣಿಯನ್ನು ಮುಚ್ಚಲು ಮಂಡಳಿ ಒಮ್ಮತದಿಂದ ತೀರ್ಮಾನಿಸಿತೆಂಬ ಸುದ್ದಿ ಬಂದಂದಿನಿಂದ ನಮ್ಮ ನೇಕಾರರ ಬೀದಿಯಲ್ಲಿ ಅವರು ತಲೆಯೆತ್ತಿ ನಡೆಯಲಿಲ್ಲ. "ಎನ್ನ ಡೈರೆಕ್ಟರ್, ಮೀಟಿಂಗ್ ಕಾಪಿ ನಲ್ಲಾ ಇರುಂದದಾ?" ಎಂದು ಹಳೆಯ ಜೊತೆಗಾರರು, ಸಭೆಯ ಕಾಫಿ ಚೆನ್ನಾಗಿತ್ತೇ ಎಂದು ತಮಿಳಿನಲ್ಲಿ ಕೆಣಕುತ್ತಿದ್ದರು. ಸರ್ಕಾರಿ ಒಡೆತನದ ಕುರಿತು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಆಗಷ್ಟೇ ಕಾನೂನು ಪದವಿ ಪಡೆದಿದ್ದ ನಾನಂತೂ, "ನೀವೂ ಒಪ್ಪಿದಿರಾ?" ಎಂದು ಗುಡುಗಿದ್ದೆ.

"ನಾ ಎಲ್ಲಿ ಒಪ್ಪಿದೆ ಕಣ್ಣು? ಮುಂದೆ ಇಟ್ಟ ಕಾಪಿ ಕೈಯಲ್ಲೂ ಮುಟ್ಲಿಲ್ವೇ!"

ನನ್ನನ್ನು ಮುದ್ದಿನಿಂದ ‘ಕಣ್ಣು’ ಎನ್ನುವ ದೊಡ್ಡಪ್ಪನ ಈ ಉತ್ತರಕ್ಕೆ ನಾನು ನಕ್ಕುಬಿಟ್ಟೆ. ಆ ನಗುವಿಗೆ ಈಗ ನಾಚುತ್ತೇನೆ.

ನಮ್ಮ ಕುಲದ ಕೂಟದಲ್ಲಿ ತೀರ್ಮಾನಕ್ಕೆ ಮುನ್ನ ವೀಳ್ಯದ ತಟ್ಟೆ ಸುತ್ತುತ್ತದೆ. ಒಬ್ಬರು ಮುಟ್ಟದಿದ್ದರೂ ಹಿರಿಯರು ಮಾತು ನಿಲ್ಲಿಸಿ, "ನಿನ್ ಮನ್ಸಲ್ಲಿ ಏನಯ್ಯಾ?" ಎಂದು ಕೇಳಲೇಬೇಕು. ಮುಟ್ಟದೆ ಬಿಟ್ಟ ಆ ಕಾಫಿಯೂ ಅವರಿಗೆ ಅಂಥದೇ ತಟ್ಟೆಯೆಂದು ನನಗೆ ಹೊಳೆದದ್ದು ಇಂದು: ಇಂಗ್ಲಿಷಿನಲ್ಲಿ ನಡೆದ ಆ ಸಭೆಯಲ್ಲಿ ಮಾತಾಡಲು ಬಾರದ ದೊಡ್ಡಪ್ಪ, ಯಾರಾದರೂ ಕೇಳಿಯಾರೆಂದು ತಣ್ಣಗಾಗುತ್ತಿದ್ದ ಲೋಟದೆದುರು ಕೊನೆಯವರೆಗೂ ಕಾದಿದ್ದರು. ಕೇಳುವವರಾದರೂ ಯಾರು? ಒಡೆಯ ಸರ್ಕಾರ, ಮಂಡಳಿಯನ್ನು ನೇಮಿಸಿದ್ದೂ ಸರ್ಕಾರ, ಆ ಮಂಡಳಿಯಿಂದ ಉತ್ತರ ಪಡೆಯಬೇಕಾದದ್ದೂ ಅದೇ ಸರ್ಕಾರ. ಒಪ್ಪದ ನಿರ್ದೇಶಕನ ಹೆಸರನ್ನು ನಡಾವಳಿಯಲ್ಲಿ ಬರೆಯಬೇಕೆಂದು ಕಾಯ್ದೆ ಹೇಳುತ್ತದೆ. ಸುಮ್ಮನಿದ್ದವನನ್ನು ಮಾತಾಡಿಸುವ ಹೊಣೆ ಯಾರದು? ಒಬ್ಬ ಕಾರ್ಮಿಕನ ಮೌನವನ್ನು ಸಮ್ಮತಿಯೆಂದು ಬರೆದುಕೊಂಡವರು ಉತ್ತರಿಸಲೇಬೇಕು. ಆದರೆ ಅವರಿಗಿಂತ ನಾನೇನು ಮೇಲು? ನಾನೂ ಕೇಳಿರಲಿಲ್ಲ, ಗುಡುಗಿದ್ದೆ.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಮೊನ್ನೆ ಪಡೆದಿದ್ದ ನಡಾವಳಿಯ ಪ್ರತಿಯನ್ನು ಇಂದು ಸಂಜೆ ಅವರ ಮನೆಗೆ ಒಯ್ದೆ. ಅವರ ಹೆಸರು ಒಪ್ಪಿದವರ ಸಾಲಿನಲ್ಲಿತ್ತು. ಆಕ್ಷೇಪಣೆ ಬರೆಯೋಣವೆಂದೆ, ಬರೆದರೂ ಗಿರಣಿ ತೆರೆಯದೆಂದು ಎಚ್ಚರಿಸಿದೆ.

"ತೆರೀದಿದ್ರೆ ಪರವಾಯಿಲ್ಲ. ನನ್ ಹೆಸರು ಆ ಸಾಲಿಂದ ತೆಗೀಲಿ, ಪೋದುಂ, ಅಷ್ಟು ಸಾಕು."

ಪತ್ರ ಬರೆದು, ಅವರ ಕಿವಿಯ ಬಳಿ ಮೆಲ್ಲಗೆ ಓದತೊಡಗಿದೆ. ಅವರು ಎದ್ದು ಬೀದಿಬಾಗಿಲನ್ನು ಪೂರ್ತಿ ತೆರೆದರು.

"ಜೋರಾಗಿ ಓದು ಕಣ್ಣು."

ಎದುರುಮನೆಯ ಜಗಲಿಯಲ್ಲಿ ಕೂತಿದ್ದ ಹಳೆಯ ಜೊತೆಗಾರರ ಮಾತು ನಿಂತಿತು. ನಾನು ಹೊಸ್ತಿಲ ಬಳಿ ನಿಂತು, ಮೊದಲ ಸಾಲಿನಿಂದ ಮತ್ತೆ ಓದಿದೆ.