ಶುಕ್ರವಾರ ಕಟ್ಟದ ಬಿಲ್ಲು

ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದ ನನ್ನ ಯಜಮಾನರು ಎಡಗೈ ಜೋಮು ಹಿಡಿದಿದೆ ಎಂದರು. ಆ ಮಗ್ಗುಲಲ್ಲೇ ಮಲಗಿರುತ್ತೀರಿ ಎಂದು ಗದರಿ ನಾನು ದೋಸೆ ಹುಯ್ಯಲು ಹೋದೆ. ಬಂದು ನೋಡಿದರೆ ಮುಖವೆಲ್ಲ ಬೆವರು.

ಹಾರ್ಟ್ ಅಟ್ಯಾಕ್.

ನಂಜನಗೂಡಿನಿಂದ ಮೈಸೂರಿಗೆ ಸಾಗಿಸಿದೆವು. ಸ್ಟೆಂಟ್ ಹಾಕಿದರು. ಕೈಯಲ್ಲಿದ್ದ ಕಾಸು ಸಾಲಲಿಲ್ಲ. ಇವರ ಫ್ಯಾಕ್ಟರಿಯವರಿಗೆಲ್ಲ ಬ್ಯಾಂಕು ಕೊಟ್ಟಿದ್ದ ಕ್ರೆಡಿಟ್ ಕಾರ್ಡನ್ನು ಉಜ್ಜಿಸಿ ಉಳಿದದ್ದು ಕಟ್ಟಿದೆ. "ಗಾಬರಿ ಮಾಡಬೇಡಿ, ಮಾತ್ರೆ ತಪ್ಪಿಸಬೇಡಿ," ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು.

ಕಾರ್ಡಿನ ಬಿಲ್ಲು ಬಂದದ್ದು ಬುಧವಾರ. ಶುಕ್ರವಾರವೇ ಕಡೆಯ ದಿನ. ಹೇಗೋ ಪೂರ್ತಿ ಹಣ ಹೊಂದಿಸಿ ಹೊರಟವಳನ್ನು ಅತ್ತೆ ತಡೆದರು.

"ಸುಕ್ರುವಾರ ಲಕ್ಷ್ಮೀನ ಆಚಿಗೆ ಕಳಿಸ್ಬ್ಯಾಡ ಕಣವ್ವ. ನಾಳೀಕ್ ಕಟ್ಟಿದ್ರಾಯ್ತು."

ಮಗ ಸಾವಿನ ಬಾಯಿಂದ ಬಂದಿದ್ದಾನೆ. ಆ ತಾಯಿಗೆ ಎದುರಾಡಲು ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಭಯವಿತ್ತು. ಶನಿವಾರ ಕಟ್ಟಿದೆ.

ಮುಂದಿನ ತಿಂಗಳ ಬಿಲ್ಲು ಬಂತು. ಒಂದು ದಿನ ತಡವಾದದ್ದಕ್ಕೆ ದಂಡ, ಜೊತೆಗೆ ಅಷ್ಟೂ ಹಣಕ್ಕೆ ಮೊದಲ ದಿನದಿಂದ ಬಡ್ಡಿ. ಇವರಿಗೆ ಗಾಬರಿಯಾಗಬಾರದೆಂದು ಅದನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟೆ.

ಅದಾದ ಮೂರು ವಾರಕ್ಕೆ ಇವರಿಗೆ ಮತ್ತೆ ಎದೆನೋವು. ಅದೇ ಆಸ್ಪತ್ರೆ, ಅದೇ ಐಸಿಯು.

"ಮಾತ್ರೆ ಬಿಟ್ಟಿದ್ರಾ?" ಡಾಕ್ಟರು ಕೇಳಿದರು.

"ಎಲ್ಲಾದರೂ ಉಂಟೇ," ಎಂದೆ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಠೀವಿಯಲ್ಲಿ. ಇವರು ಗೋಡೆ ಕಡೆ ತಿರುಗಿದರು.

"ದಿನ ಬಿಟ್ಟು ದಿನ ತಕ್ಕೊತಿದ್ದೆ ಸಾ."

ನಾನು ಶಾಲೆಗೆ ಹೋಗಿದ್ದಾಗ ಬ್ಯಾಂಕಿನವರು ಫೋನ್ ಮಾಡಿ ದಂಡದ ವಿಷಯ ಹೇಳಿದ್ದರಂತೆ. ನನಗೆ ಗಾಬರಿಯಾಗಬಾರದೆಂದು ಇವರೂ ಬಚ್ಚಿಟ್ಟಿದ್ದರು. ಮಾತ್ರೆಯ ದುಡ್ಡಿನಲ್ಲಿ ಉಳಿಸಿ ತೀರಿಸಲು ಹೊರಟಿದ್ದರು. ಆ ಶುಕ್ರವಾರ ಸುಮ್ಮನೆ ಹೋಗಿ ಕಟ್ಟಿದ್ದರೆ ಇದೊಂದೂ ಆಗುತ್ತಿರಲಿಲ್ಲ, ನಾನೇ ಇವರನ್ನು ಕೊಂದೆ ಎಂದು ಐಸಿಯು ಬಾಗಿಲಲ್ಲಿ ಗೋಳಾಡಿದೆ.

ತಿ. ನರಸೀಪುರದಲ್ಲಿ ವಕೀಲನಾಗಿರುವ ನನ್ನ ಅಣ್ಣ ಬಂದ. ಮೊದಲ ಬಿಲ್ಲು, ಅದು ಬಂದ ಲಕೋಟೆಯ ಮೇಲಿನ ಅಂಚೆ ಮುದ್ರೆ ಎರಡನ್ನೂ ನೋಡಿದ.

"ಬುಧವಾರ ಕೊಟ್ಟು ಶುಕ್ರವಾರ ಕಟ್ಟು ಅಂದ್ರೆ ಹೆಂಗಮ್ಮಿ? ಬಿಲ್ಲು ಕೊಟ್ಟು ಹದಿನೈದು ದಿನನಾದ್ರೂ ಟೈಮ್ ಕೊಡ್ಬೇಕು ಅಂತ ರೂಲ್ಸ್ ಅದೆ. ಈ ದಂಡ, ಬಡ್ಡಿ ನೀವು ಕೊಡೋ ಅಂಗೇ ಇಲ್ಲ."

ಕೊಡಬೇಕಾಗಿಯೇ ಇರಲಿಲ್ಲ.

ಅಣ್ಣ ಪತ್ರ ಬರೆದ. ಬ್ಯಾಂಕು ಎರಡನ್ನೂ ಕೈಬಿಟ್ಟಿತು. ಆ ಕಾಗದ ಓದಿ ನನಗೆ ಸಂತೋಷವಾಗಲಿಲ್ಲ, ಮೈಯೆಲ್ಲ ಉರಿಯಿತು. ಅಣ್ಣನನ್ನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿದ್ದುದನ್ನು ಒಬ್ಬರಿಗೊಬ್ಬರು ಬಚ್ಚಿಟ್ಟು ನಾವು ಪ್ರಾಣಕ್ಕೇ ಕುತ್ತು ತಂದುಕೊಂಡಿದ್ದೆವು.

ಇವರು ಉಳಿದರು. ಹೃದಯದ ಒಂದು ಭಾಗ ಸೋತಿದೆ ಎನ್ನುತ್ತಾರೆ ಡಾಕ್ಟರು. ಮೆಟ್ಟಿಲನ್ನು ನಿಂತು ನಿಂತು ಹತ್ತುತ್ತಾರೆ. ಜೊತೆಗೆ ನಾನೂ ನಿಲ್ಲುತ್ತೇನೆ.

ಮೊನ್ನೆ ಅಲ್ಲಿಯೇ ನಿಂತು ಕೇಳಿದರು, "ಇನ್ನೂ ಕ್ವಾಪನಾ?"

"ಹೂಂ ಕಣ್ರೀ," ಎಂದೆ. "ನನ್ ಕ್ವಾಪ ತೀರೋಗಂಟ ನೀವು ಇರ್ಬೇಕು. ಅದು ಅಷ್ಟು ಬೇಗ ತೀರಕ್ಕಿಲ್ಲ."