ಸೋದರಮಾವನಿಗೆ ಎಂಥ ಟೆಸ್ಟ್?

ರಕ್ತಸಂಬಂಧಕ್ಕಿಂತ ದೊಡ್ಡದು ಲೋಕದಲ್ಲಿ ಯಾವುದೂ ಇಲ್ಲವೆಂದು ಹಿರಿಯರು ಹೇಳಿದ್ದಾರೆ. ಹೇಳಿದವರಲ್ಲಿ ಒಬ್ಬರೂ ಯಾದಗಿರಿಯ ಆಸ್ಪತ್ರೆಯಲ್ಲಿ ರಕ್ತದ ಚೀಲಕ್ಕಾಗಿ ಪಾಳಿ ನಿಂತವರಲ್ಲ.

ಮೊಮ್ಮಗಳು ಗೌರಿ ಹಲ್ಲು ಬರುವ ಹೊತ್ತಿಗೆ ಬೆಳ್ಳಗಾದಳು. ಸುರಪುರದ ನಮ್ಮ ಓಣಿ ‘ಕೂಸಿಗೆ ಬಣ್ಣ ಬಂತು’ ಎಂದು ಹಿಗ್ಗಿತು.

ಥಲಸ್ಸೇಮಿಯಾ ಮೇಜರ್, ಎಂದರು ಡಾಕ್ಟರು. ಮೈಯಲ್ಲಿ ರಕ್ತ ಸಾಲದ ಹುಟ್ಟುರೋಗ, ತಿಂಗಳು ತಿಂಗಳು ಹೊರಗಿನ ರಕ್ತ ಏರಿಸಬೇಕು.

ವಂಶದ ರೋಗಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಜಿಲ್ಲೆಯಲ್ಲಿ ಇರಲಿಲ್ಲ. ಫೋನಿನ ಪರದೆಯಲ್ಲಿ ಒಬ್ಬಾಕೆ ಬಂದರು. ಹಿರಿಮಗಳು ಸವಿತಾಳನ್ನು ನನ್ನ ಹೆಂಡತಿಯ ತಮ್ಮನಿಗೇ ಕೊಟ್ಟಿದ್ದೆವು. ಗಂಡಹೆಂಡತಿ ಇಬ್ಬರೂ ಕ್ಯಾರಿಯರ್, ತಮಗೆ ಬಾಧೆಯಿಲ್ಲ, ಇಬ್ಬರೂ ಹಾಗಿದ್ದರೆ ಕೂಸಿಗೆ ರೋಗ ದಾಟಬಹುದು. ಕಿರಿಮಗಳು ಶೋಭಾಳೂ ಕ್ಯಾರಿಯರ್ ಎಂದು ಗೊತ್ತಾಯಿತು.

“ಶೋಭಾಗೆ ಮದುವೆ ಮಾಡಿ ಸರ್. ಹುಡುಗನಿಗೆ ಮೊದಲು ಟೆಸ್ಟ್ ಮಾಡಿಸಿ, ಅಷ್ಟೇ. ಮುಂದೆ ತಾಲೂಕಿಗೊಬ್ಬರು ನಮ್ಮಂಥವರು ಬರ್ತಾರೆ, ಎಲ್ಲ ಸರಿಹೋಗುತ್ತೆ.”

ನನಗೆ ಆಕೆಯ ಮೇಲೆ ಕನಿಕರ ಹುಟ್ಟಿತು. ನಮ್ಮ ಕಡೆ ಆ ಹುದ್ದೆ ತಲೆಮಾರುಗಳಿಂದ ಭರ್ತಿಯಾಗಿದೆ. ಸೋದರಮಾವ ಕೂತಿದ್ದಾನೆ.

ಶಹಾಪುರದಿಂದ ಹೆಣ್ಣು ನೋಡಲು ಬಂದವರಿಗೆ ಸಂಗತಿ ತಿಳಿಸಿ, ಹುಡುಗನ ಟೆಸ್ಟ್ ಕೇಳಿದೆ. ಉಪ್ಪಿಟ್ಟು ಪೂರ್ತಿ ಮುಗಿಸಿಯೇ ಎದ್ದರು.

“ರೋಗದ ಹುಡುಗಿನ್ನ ನಮ್ಮ ಕೊರಳಿಗಿ ಕಟ್ಟಾಕತ್ತೀರೇನ್ರಿ ಮಾಸ್ತರ?”

ಮತ್ತೆ ಯಾರೂ ಬರಲಿಲ್ಲ.

ಆಗ ಹೆಂಡತಿಯ ಕಿರಿತಮ್ಮ ಬಸಣ್ಣ ಬಂದ. “ಹೊರಗಿನವರ ಮುಂದ ಯಾಕ ಮರ್ಯಾದಿ ಕಳ್ಕೋತೀರಿ ಮಾವಾ? ನಾ ಸತ್ತೀನೇನು?”

“ಟೆಸ್ಟ್ ಮಾಡಿಸ್ತೀಯೇನಪಾ?”

“ಅಕ್ಕನ ಮಗಳನ್ನ ಮಾಡ್ಕೊಳ್ಳಾಕ ಸೋದರಮಾವಗ ಎಂಥ ಟೆಸ್ಟ್?”

ಹೆಂಡತಿ ನಕ್ಕಳು. “ಸಾಲಿ ಬಿಟ್ರೂ ನಿಮಗ ಪರೀಕ್ಷಾ ಇಡೋ ಚಟ ಹೋಗಿಲ್ಲ ನೋಡ್ರಿ.”

ಶೋಭಾ ಬಾಗಿಲಲ್ಲಿ ನಿಂತಿದ್ದಳು. “ಅಪ್ಪಾ, ಗೌರಿ ಕೈ ನೋಡೀಯಿಲ್ಲ? ಸೂಜಿ ಚುಚ್ಚಾಕ ಜಾಗಾ ಉಳದಿಲ್ಲ.”

“ನೀ ಒಳಗ ನಡಿ,” ಎಂದ ಬಸಣ್ಣ, ಇನ್ನೂ ತಾಳಿ ಕಟ್ಟದೆಯೇ. ಅವಳು ಹೋದಳು.

ಕೌನ್ಸೆಲರಿಗೆ ಫೋನ್ ಹಚ್ಚಿದೆ. ಆಕೆಯ ಕೆಲಸ ಹೋಗಿತ್ತು. ಆ ಜಾಗದಲ್ಲಿ ಒಂದು ಆ್ಯಪ್ ಇತ್ತು. ದಣಿಯದ, ಮುನಿಯದ, ಚಹಾ ಕೇಳದ ಆ್ಯಪ್. ಹೇಳಬೇಕಾದ್ದನ್ನೆಲ್ಲ ಸರಿಯಾಗಿಯೇ ಹೇಳಿತು. ಬಸಣ್ಣ ಕಡೆತನಕ ಕೇಳಿ, “ಭಾಳ ಛಲೋ ಮಾತಾಡ್ತದ” ಎಂದು ಮೆಚ್ಚಿ, ಮುಹೂರ್ತ ಹಿಡಿಸಲು ಹೋದ.

ಶೋಭಾ ಬಸುರಾದಾಗ ಗರ್ಭದಲ್ಲೇ ಪರೀಕ್ಷೆ ಮಾಡಿಸೋಣವೆಂದೆ. ಬಸಣ್ಣ ಆಗಲೇ ತಿಂಥಣಿಯ ದೇವರಿಗೆ ಹರಕೆ ಹೊತ್ತಾಗಿತ್ತು. ದೇವರ ಮೇಲೆ ಅನುಮಾನ ಪಟ್ಟಂತಾಗುತ್ತದೆ ಎಂದ.

ಗಂಡು ಕೂಸು. ಅದಕ್ಕೂ ಬಣ್ಣ ಬಂತು.

ಆಮೇಲೆ ಬಸಣ್ಣ ಟೆಸ್ಟ್ ಮಾಡಿಸಿಕೊಂಡ. ಕ್ಯಾರಿಯರ್.

ಡಾಕ್ಟರು ಒಳ್ಳೆಯವರು. ಇಬ್ಬರು ಮೊಮ್ಮಕ್ಕಳಿಗೂ ಒಂದೇ ದಿನ ರಕ್ತ ಏರಿಸುತ್ತಾರೆ. ಯಾದಗಿರಿಗೆ ಒಂದೇ ಗಾಡಿ ಸಾಕಾಗುತ್ತದೆ.